ಹಲ್ಲು ಕಚ್ಚಿಕೊಂಡು ಎಷ್ಟು ದಿನ?

ಈ ಸಾಲನ್ನು ಓದುತ್ತಿರುವ ಹೊತ್ತಿನಲ್ಲಿ ನಿಮ್ಮ ಮೇಲಿನ ಹಲ್ಲುಗಳೂ ಕೆಳಗಿನ ಹಲ್ಲುಗಳೂ ಒಂದಕ್ಕೊಂದು ತಾಗಿಕೊಂಡಿವೆಯೇ? ಸ್ವಲ್ಪ ಗಮನಿಸಿ ನೋಡಿ. ತಾಗಿಕೊಂಡಿದ್ದರೆ ಗಾಬರಿಯಾಗಬೇಡಿ, ಆದರೆ ಮುಂದೆ ಓದಿ. ಬಾಯಿ ಮುಚ್ಚಿರುವುದೆಂದರೆ ಹಲ್ಲೂ ಮುಚ್ಚಿರಬೇಕು ಎಂದೇ ನಾವೆಲ್ಲ ತಿಳಿದಿದ್ದೇವೆ. ಹಾಗೇನಿಲ್ಲ. ಸುಮ್ಮನಿರುವಾಗ ತುಟಿ ಮುಚ್ಚಿರಬೇಕು, ಹಲ್ಲುಗಳ ನಡುವೆ ಮಾತ್ರ ಒಂದಿಷ್ಟು ಎಡೆ ಇರಬೇಕು. ಹಲ್ಲಿಗೆ ಹಲ್ಲು ತಾಗಬೇಕಾದದ್ದು ಅಗಿಯುವಾಗ, ನುಂಗುವಾಗ, ಅಷ್ಟೆ. ಉಳಿದ ಹೊತ್ತೆಲ್ಲ ದವಡೆಗೆ ರಜ. ನಮ್ಮಲ್ಲಿ ಎಷ್ಟೋ ಮಂದಿ ಆ ರಜವನ್ನೇ ಕೊಡುವುದಿಲ್ಲ.

ನನಗಾದರೂ ಇದು ಗೊತ್ತಾದದ್ದು ನನ್ನ ಓರಗಿತ್ತಿಯ ದೆಸೆಯಿಂದ. ಕೆಂಗೇರಿ ಉಪನಗರದಲ್ಲಿ ಅವಳ ಮನೆ, ನಾವಿರುವುದು ರಾಜಾಜಿನಗರದಲ್ಲಿ. ಒಂದು ದಿನ ಫೋನು ಮಾಡಿ, “ಅಕ್ಕಾ, ಬಲಗಿವಿಯೊಳಗೆ ಯಾರೋ ಬೆರಳಿಟ್ಟು ಒತ್ತಿದ ಹಾಗಾಗತ್ತೆ, ಗುಂಯ್ ಅಂತ ಸದ್ದು ಬೇರೆ” ಎಂದಳು. ಕಿವಿಯ ಡಾಕ್ಟರರು ದೀಪ ಹಿಡಿದು ನೋಡಿ ಕಿವಿ ಚೊಕ್ಕವಾಗಿದೆ ಎಂದರು. ಹಾಗಾದರೆ ಹಲ್ಲೇ ಇರಬೇಕೆಂದು ಇನ್ನೊಂದು ಕಡೆ ಹೋದಳು. ಹುಳುಕಿನ ಗುರುತೇ ಇಲ್ಲದ ಒಂದು ದವಡೆಹಲ್ಲನ್ನು ಅಲ್ಲಿ ಕಿತ್ತರು. ಹಲ್ಲು ಹೋಯಿತು, ನೋವು ಹೋಗಲಿಲ್ಲ. ಆಮೇಲೆ ಹಣೆಯ ಪಕ್ಕದಲ್ಲಿ ತಲೆನೋವು, ಅದಕ್ಕೊಂದು ಮಾತ್ರೆ. ಕತ್ತು ಹಿಡಿದುಕೊಂಡಿತು, ಅದಕ್ಕೊಂದು ಮುಲಾಮು. ಆರು ತಿಂಗಳು ಹೀಗೇ ಕಳೆಯಿತು. ಕೊನೆಗೆ ಮನೆಯವರ ಸಹನೆಯೂ ಮುಗಿಯಿತು. “ಟೀವಿ ನೋಡೋಕೆ ನೋವಿಲ್ಲ, ಚಪಾತಿ ಲಟ್ಟಿಸೋಕೆ ಮಾತ್ರ ನೋವು” ಎಂಬ ಮಾತೂ ಬಂತು. ನೋವಿಗಿಂತ ಆ ಮಾತೇ ಅವಳನ್ನು ಹೆಚ್ಚು ನೋಯಿಸಿತು. ನೋವು ಕಣ್ಣಿಗೆ ಕಾಣುವ ವಸ್ತುವಲ್ಲ, ಏನು ಮಾಡುವುದು?

ಕೊನೆಗೆ ದಂತವೈದ್ಯ ಕಾಲೇಜಿನ ಆಸ್ಪತ್ರೆಯೊಂದರಲ್ಲಿ ಒಬ್ಬ ಲೇಡಿ ಡಾಕ್ಟರು ಅವಳ ಎರಡೂ ಕಿವಿಗಳ ಮುಂದೆ ಬೆರಳಿಟ್ಟು, ಬಾಯಿ ತೆರೆದು ಮುಚ್ಚಿ ಎಂದರು. ಟಕ್ ಎಂದಿತು. ಕೆನ್ನೆಯ ಹಿಂಭಾಗವನ್ನು ಒತ್ತಿದರು. ಇವಳು ಅಮ್ಮಾ ಎಂದು ಕೂಗಿದಳು. ಆಗ ಆಕೆ ಕೇಳಿದ್ದು ಒಂದೇ ಪ್ರಶ್ನೆ: “ಅಮ್ಮಾ, ಸುಮ್ನಿರೋವಾಗ ಹಲ್ಲು ಕಚ್ಕೊಂಡಿರ್ತೀರಾ?” ನಮ್ಮವಳ ಉತ್ತರ ಕೇಳಿ. “ಕಚ್ಕೊಳ್ದೆ ಏನ್ಮಾಡ್ಲಿ ಡಾಕ್ಟ್ರೇ, ಬಾಯಿ ಬಿಟ್ರೆ ಮನೇಲಿ ರಾಮಾಯಣ!”

ನಗು ಬರುತ್ತದೆ, ಅಲ್ಲವೇ? ಆದರೆ ಕಾಯಿಲೆಯ ಅರ್ಧ ಕಥೆ ಅಲ್ಲೇ ಇದೆ.

ಈಗ ನೀವೂ ನಿಮ್ಮ ತೋರುಬೆರಳನ್ನು ಕಿವಿಯ ಮುಂದೆ, ರಂಧ್ರಕ್ಕೆ ತಾಗಿದಂತೆ ಇಟ್ಟು ಬಾಯಿ ತೆರೆಯಿರಿ. ಬೆರಳ ಕೆಳಗೆ ಏನೋ ಸರಿದಂತಾಯಿತಲ್ಲ, ಅದೇ ದವಡೆಯ ಕೀಲು. ತಲೆಬುರುಡೆಗೆ ಕೆಳದವಡೆಯನ್ನು ತೂಗುಹಾಕಿರುವ ಕೀಲು ಅದು. ಬಲಕ್ಕೊಂದು, ಎಡಕ್ಕೊಂದು. ಮೊಣಕೈಯ ಹಾಗೆ ಬರೀ ಮಡಚಿ ಬಿಡಿಸುವ ಕೀಲಲ್ಲ. ಬಾಯಿ ತೆರೆಯತೊಡಗಿದಾಗ ಬಾಗಿಲಿನಂತೆ ತಿರುಗುತ್ತದೆ, ಇನ್ನೂ ಅಗಲವಾಗಿ ತೆರೆದರೆ ಮೇಜಿನ ಡ್ರಾಯರಿನಂತೆ ಮುಂದಕ್ಕೆ ಜಾರುತ್ತದೆ. ಮೂಳೆಗೆ ಮೂಳೆ ಉಜ್ಜದಿರಲೆಂದು ನಡುವೆ ಒಂದು ಪುಟ್ಟ ಬಿಲ್ಲೆಯಂಥ ಮೆತ್ತೆ ಇದೆ. ಆ ಮೆತ್ತೆ ತುಸು ಮುಂದಕ್ಕೆ ಸರಿದಿದ್ದರೆ, ಬಾಯಿ ತೆರೆದಾಗ ಮೂಳೆ ಅದರ ಮೇಲೆ ಮತ್ತೆ ಹತ್ತುತ್ತದೆ. ಟಕ್ ಎನ್ನುವುದು ಆಗಲೇ. ಹತ್ತಲಾಗದೆ ಹೋದರೆ ಬಾಯಿ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ.

ಬರೀ ಟಕ್ ಎಂಬ ಸದ್ದಿದ್ದು ನೋವಿಲ್ಲದಿದ್ದರೆ, ಬಾಯಿ ಚೆನ್ನಾಗಿ ತೆರೆಯುತ್ತಿದ್ದರೆ, ಚಿಕಿತ್ಸೆಯೇ ಬೇಡ. ಎಷ್ಟೋ ಜನರಿಗೆ ಆ ಸದ್ದು ಇರುತ್ತದೆ, ಅವರ ಪಾಡಿಗೆ ಅವರು ಉಂಡುಟ್ಟು ಸುಖವಾಗಿದ್ದಾರೆ. ಬಾಯಿ ಎಷ್ಟು ತೆರೆಯಬೇಕೆಂದು ನೋಡಲು ಸುಲಭದ ಅಳತೆಯಿದೆ. ನಿಮ್ಮದೇ ಕೈಯ ಮೂರು ಬೆರಳುಗಳನ್ನು ಒಂದರ ಮೇಲೊಂದು ಬರುವಂತೆ ಮುಂಬಲ್ಲುಗಳ ನಡುವೆ ಇಡಿ. ಸಲೀಸಾಗಿ ಹಿಡಿಸಿದರೆ ಸರಿ. ಎರಡಕ್ಕೇ ನಿಂತರೆ ಡಾಕ್ಟರಿಗೆ ತೋರಿಸಬೇಕು.

ನೋವು ದವಡೆಯದಾದರೆ ಕಿವಿಯಲ್ಲೇಕೆ? ಕೀಲಿಗೂ ಕಿವಿಯ ಮುಂಭಾಗಕ್ಕೂ ಹೋಗುವುದು ಒಂದೇ ನರದ ಕವಲು. ಎರಡು ಮನೆಗೆ ಒಂದೇ ಕರೆಗಂಟೆ ಇದ್ದಂತೆ. ಒತ್ತಿದವರು ಯಾರ ಮನೆಗೆ ಬಂದರೆಂದು ಒಳಗಿದ್ದವರಿಗೆ ಹೇಗೆ ತಿಳಿಯಬೇಕು? ಇನ್ನು ಅಗಿಯುವ ಸ್ನಾಯುಗಳೋ, ಕೆನ್ನೆಯಿಂದ ಹಣೆಯ ಪಕ್ಕದವರೆಗೂ ಹರಡಿವೆ. ಅವು ದಣಿದರೆ ತಲೆನೋವು, ಕೆಲವೊಮ್ಮೆ ಚೆನ್ನಾಗಿರುವ ಹಲ್ಲುಗಳಲ್ಲೂ ನೋವು. ಬೆಳಿಗ್ಗೆ ಏಳುವಾಗಲೇ ಕೆನ್ನೆ ಬಿಗಿದಿದ್ದರೆ, ರಾತ್ರಿ ನೀವು ಹಲ್ಲು ಕಡಿಯುತ್ತಿದ್ದೀರೆಂದು ಪಕ್ಕದಲ್ಲಿ ಮಲಗಿದವರು ದೂರಿದರೆ, ಅನುಮಾನ ಇತ್ತ ಹರಿಯಲಿ. ಆದರೆ ಕಿವಿ ಸೋರುತ್ತಿದ್ದರೆ, ಜ್ವರವಿದ್ದರೆ, ಕಿವಿ ಮಂದವಾದರೆ ಮೊದಲು ಕಿವಿಯ ಡಾಕ್ಟರರ ಬಳಿಗೇ ಹೋಗಿ. ದವಡೆಯೇ ಎಂದು ನಾವೇ ತೀರ್ಮಾನಿಸಿ ಕೂಡುವುದು ಬೇಡ.

ಕಿವಿ ಮತ್ತು ದವಡೆಯ ಈ ನೆಂಟಸ್ತನವನ್ನು 1934ರಲ್ಲಿ ಬರೆದಿಟ್ಟವರು ಅಮೆರಿಕದ ಜೇಮ್ಸ್ ಕಾಸ್ಟೆನ್ ಎಂಬ ವೈದ್ಯರು. ಅವರು ಹಲ್ಲಿನ ಡಾಕ್ಟರಲ್ಲ, ಕಿವಿ ಮೂಗು ಗಂಟಲಿನವರು! ಹಲ್ಲು ಬಿದ್ದುಹೋಗಿ ಬಾಯಿ ಕುಗ್ಗುವುದೇ ಇದಕ್ಕೆ ಕಾರಣವೆಂದು ಅವರ ಎಣಿಕೆ. ಅದು ಮುಂದೆ ನಿಲ್ಲಲಿಲ್ಲ. ಆದರೂ ಹಲ್ಲಿನ ಕಚ್ಚು ಸರಿಪಡಿಸುತ್ತೇವೆಂದು ಬಹುಕಾಲ ಹಲ್ಲುಗಳನ್ನು ಉಜ್ಜಿ ಸವೆಸಿದ್ದುಂಟು. ಅಮೆರಿಕದಲ್ಲೇ 1980ರ ದಶಕದಲ್ಲಿ ಸರಿದ ಮೆತ್ತೆಯ ಜಾಗದಲ್ಲಿ ಟೆಫ್ಲಾನ್ ಸೇರಿದ ಕೃತಕ ತುಂಡನ್ನು ಇಡುತ್ತಿದ್ದರು. ಅದು ಒಡೆದು ಚೂರಾಗಿ ಮೂಳೆಯನ್ನೇ ತಿಂದಿತು. 1990ರ ದಶಕದ ಆರಂಭದಲ್ಲಿ ಸರ್ಕಾರವೇ ನಡುವೆ ಬಂದು ನಿಲ್ಲಿಸಬೇಕಾಯಿತು. ಕಷ್ಟಪಟ್ಟವರಲ್ಲಿ ಹೆಚ್ಚಿನವರು ಹೆಂಗಸರು. ಇದನ್ನು ಹೇಳಿದ್ದು ಹೆದರಿಸಲಿಕ್ಕಲ್ಲ. ಯಾರಾದರೂ ಮೊದಲ ಭೇಟಿಯಲ್ಲೇ ಹಲ್ಲು ಕೀಳಬೇಕು, ಹಲ್ಲು ಸವೆಸಬೇಕು, ಆಪರೇಷನ್ ಆಗಬೇಕು ಎಂದರೆ ಇನ್ನೊಬ್ಬ ಡಾಕ್ಟರನ್ನು ಕೇಳುವುದರಲ್ಲಿ ತಪ್ಪಿಲ್ಲ ಎಂದು ಹೇಳಲಿಕ್ಕೆ. ಕಿತ್ತ ಹಲ್ಲನ್ನು ಮತ್ತೆ ನೆಡಲಾಗುವುದಿಲ್ಲ.

ಇದು ಹೆಂಗಸರಿಗೇ ಹೆಚ್ಚು, ಅದರಲ್ಲೂ 20ರಿಂದ 40ರ ವಯಸ್ಸಿನವರಿಗೆ. ಕಾರಣ ಒಂದೇ ಅಲ್ಲ. ಪೆಟ್ಟು ಬಿದ್ದಿರಬಹುದು, ಸಂಧಿವಾತವಿರಬಹುದು, ಹಾರ್ಮೋನುಗಳ ಪಾತ್ರವೂ ಇದ್ದೀತು ಎನ್ನುತ್ತಾರೆ. ಆದರೆ ಕನ್ನಡದಲ್ಲಿ ಸಹನೆಗೂ ಸಿಟ್ಟಿಗೂ ಹಲ್ಲನ್ನೇ ಏಕೆ ಹೇಳುತ್ತೇವೆ, ಯೋಚಿಸಿದ್ದೀರಾ? ಹಲ್ಲು ಕಚ್ಚಿಕೊಂಡು ಸಹಿಸುವುದು, ಹಲ್ಲು ಮಸೆಯುವುದು, ಹಲ್ಲು ಕಡಿಯುವುದು! ಹೇಳಬೇಕಾದ ಮಾತನ್ನು ನುಂಗಿದಾಗ ಅದು ಹೊಟ್ಟೆಗೆ ಹೋಗುವುದಿಲ್ಲ, ದವಡೆಯಲ್ಲೇ ಕೂಡುತ್ತದೆ ಎಂದು ನನಗನ್ನಿಸುತ್ತದೆ. ಹಾಗೆಂದು ಇದು ‘ಮನಸ್ಸಿನ ಕಾಯಿಲೆ’ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಭಾರ ಹೊತ್ತ ಕೂಲಿಯವನ ಭುಜ ನೋಯುವುದು ಮನಸ್ಸಿನ ಕಾಯಿಲೆಯೇ? ಕಚ್ಚಿಕೊಂಡೇ ಇರುವ ಸ್ನಾಯುವೂ ಹಾಗೆಯೇ ನೋಯುತ್ತದೆ.

ಇದಕ್ಕೆ ನಮ್ಮ ಸಣ್ಣಪುಟ್ಟ ಅಭ್ಯಾಸಗಳೂ ಸೇರಿಕೊಳ್ಳುತ್ತವೆ. ಹೂ ಕಟ್ಟಿ ದಾರವನ್ನು ಹಲ್ಲಿನಲ್ಲಿ ಕತ್ತರಿಸುವುದು, ಹೇರ್‌ಪಿನ್ನನ್ನು ಹಲ್ಲಿನಲ್ಲಿ ಬಿಡಿಸುವುದು, ಸಾರು ಕದಡುತ್ತ ಮೊಬೈಲನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿ ಅರ್ಧ ಗಂಟೆ ಹರಟುವುದು, ಗಲ್ಲಕ್ಕೆ ಕೈಕೊಟ್ಟು ಧಾರಾವಾಹಿ ನೋಡುವುದು. ಒಂದೊಂದೂ ಚಿಕ್ಕದೇ.

ಬಾಯಿ ತೆರೆಯದಿರುವುದೆಲ್ಲ ಕೀಲಿನ ತೊಂದರೆಯಲ್ಲ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು. ನಮ್ಮ ಮನೆಗಳಲ್ಲಿ ಎಲೆಅಡಿಕೆ ಹಾಕುವವರಿದ್ದಾರೆ, ಪಾನ್ ಮಸಾಲ, ಗುಟ್ಕಾ ಜಗಿಯುವ ಹುಡುಗರಿದ್ದಾರೆ. ಖಾರ ತಾಗಿದರೆ ಬಾಯಿ ಉರಿಯುವುದು, ಕೆನ್ನೆಯ ಒಳಗೋಡೆ ಬಿಳಿಚಿ ಗಟ್ಟಿಯಾಗುವುದು, ಬಾಯಿ ದಿನೇ ದಿನೇ ಕಡಿಮೆ ತೆರೆಯುವುದು, ಇವು ಅಡಿಕೆಯಿಂದ ಬರುವ ಬೇರೆಯೇ ಕಾಯಿಲೆಯ ಗುರುತು. ಹೊಗೆಸೊಪ್ಪು ಇರಲೇಬೇಕೆಂದಿಲ್ಲ, ಬರೀ ಅಡಿಕೆಯೇ ಸಾಕು. ಅದು ಮುಂದೆ ಕ್ಯಾನ್ಸರ್‌ಗೆ ತಿರುಗಬಹುದು. ಅಂದೇ ಅಡಿಕೆ ಬಿಡಿಸಿ, ಡಾಕ್ಟರಿಗೆ ತೋರಿಸಿ. ಹಾಗೆಯೇ ಮೆಟ್ಟಿಲು ಹತ್ತುವಾಗ, ಬೇಗ ನಡೆಯುವಾಗ ದವಡೆ ನೋಯ್ದು ನಿಂತರೆ ಕಡಿಮೆಯಾಗುತ್ತಿದ್ದರೆ, ಎದೆ ಒತ್ತಿ ಬೆವರು ಬಂದರೆ, ಹಲ್ಲಿನ ಡಾಕ್ಟರನ್ನು ಹುಡುಕುತ್ತ ಕೂಡಬೇಡಿ. ಹೆಂಗಸರಲ್ಲಿ ಹೃದಯದ ನೋವು ದವಡೆಯಲ್ಲೂ ಕಾಣಿಸುತ್ತದೆ. ಆಕಳಿಸುವಾಗ ಕೀಲು ಜಾರಿ ಬಾಯಿ ತೆರೆದೇ ನಿಂತುಬಿಟ್ಟರೆ ಮನೆಯಲ್ಲಿ ಯಾರೂ ಒತ್ತಿ ಮುಚ್ಚಲು ಹೋಗದೆ ಆಸ್ಪತ್ರೆಗೆ ಕರೆದೊಯ್ಯಲಿ.

ಇನ್ನು ಪರಿಹಾರ. ಬಹುಪಾಲು ದವಡೆನೋವು ಕೆಲವು ವಾರಗಳ ಆರೈಕೆಯಲ್ಲಿ ಇಳಿಯುತ್ತದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ಲನ್ನು ಕೆನ್ನೆಗೆ ದಿನಕ್ಕೆರಡು ಮೂರು ಸಲ ಹತ್ತು ಹದಿನೈದು ನಿಮಿಷ ಇಡಿ. ಚರ್ಮ ಸುಡುವಷ್ಟು ಬಿಸಿ ಬೇಡ. ಆಕಳಿಕೆ ಬಂದರೆ ಗಲ್ಲದ ಕೆಳಗೆ ಮುಷ್ಟಿ ಕೊಡಿ. ನೋವಿನ ಮಾತ್ರೆ ಡಾಕ್ಟರು ಹೇಳಿದಷ್ಟೇ ದಿನ. ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ, ಮೂತ್ರಪಿಂಡ ಎರಡೂ ಕೆಡುತ್ತವೆ.

ದವಡೆಗೆ ವಿಶ್ರಾಂತಿ ಹೇಗೆಂದು ಓರಗಿತ್ತಿಗೆ ಹೇಳಿಕೊಟ್ಟದ್ದನ್ನು ನಿಮಗೂ ಹೇಳುತ್ತೇನೆ. ಓಂ ಎಂದು ಶುರುಮಾಡಿ ಕೊನೆಯ ಮ್… ಅನ್ನು ಎಳೆಯಿರಿ. ತುಟಿ ಮುಚ್ಚಿದೆ, ಹಲ್ಲು ತಾಗಿಲ್ಲ. ಈಗ ನಾಲಿಗೆಯ ತುದಿಯನ್ನು ‘ನ’ ಎನ್ನುವಾಗ ತಾಗುವ ಜಾಗದಲ್ಲಿ ಹಗುರವಾಗಿ ಇಡಿ. ದವಡೆ ಇರಬೇಕಾದ್ದು ಹೀಗೆ. ದಿನವಿಡೀ ನೆನಪಿರಬೇಕಲ್ಲ? ಅವಳು ಫ್ರಿಜ್ಜಿನ ಬಾಗಿಲಿಗೆ, ಕನ್ನಡಿಗೆ, ಅಡಿಗೆಮನೆಯ ಗಡಿಯಾರಕ್ಕೆ ಒಂದೊಂದು ಕುಂಕುಮದ ಬೊಟ್ಟಿಟ್ಟಳು. ಬೊಟ್ಟು ಕಂಡಾಗೆಲ್ಲ ಹಲ್ಲು ಬಿಡಿಸುವುದು. ಅತ್ತೆಯವರು ಇದೇನು ವ್ರತವೆಂದು ಕೇಳಿದರಂತೆ!

ಊಟದ ವಿಷಯದಲ್ಲಿ ನಮ್ಮ ಕಡೆಯವರು ಪುಣ್ಯವಂತರು. ರಾಗಿಮುದ್ದೆಯನ್ನು ಅಗಿಯುವಂತೆಯೇ ಇಲ್ಲವಲ್ಲ, ಮುರಿದು ಸಾರಿನಲ್ಲಿ ಹೊರಳಿಸಿ ನುಂಗುವುದು. ದವಡೆನೋವಿನವರಿಗೆ ಇದಕ್ಕಿಂತ ಒಳ್ಳೆಯ ಊಟ ನನಗೆ ತೋಚುವುದಿಲ್ಲ. ತುತ್ತು ಮಾತ್ರ ಚಿಕ್ಕದಿರಲಿ, ಸಾರು ತೆಳ್ಳಗಿರಲಿ. ಸೊಪ್ಪನ್ನೂ ಕಾಳನ್ನೂ ನುಣ್ಣಗೆ ಬೇಯಿಸಿ ಮಸೆದ ಮಸ್ಸೊಪ್ಪು, ಹೆಸರುಬೇಳೆ ಪೊಂಗಲ್, ಇಡ್ಲಿ, ಮೊಸರನ್ನ, ರವೆಗಂಜಿ ಇವೆಲ್ಲ ಆಗುತ್ತವೆ. ಉತ್ತರ ಕರ್ನಾಟಕದವರು ಖಡಕ್ ರೊಟ್ಟಿಯನ್ನು ಸ್ವಲ್ಪ ದಿನ ಬದಿಗಿಟ್ಟು ಬಿಸಿ ಮೆತ್ತನೆ ರೊಟ್ಟಿಯನ್ನು ಹಾಲಿನಲ್ಲೋ ಬೇಳೆಯಲ್ಲೋ ನೆನೆಸಿ ತಿನ್ನಿ. ಚಕ್ಕುಲಿ, ನಿಪ್ಪಟ್ಟು, ಕಡಲೆಮಿಠಾಯಿ, ಸಂಕ್ರಾಂತಿಯ ಕಬ್ಬು, ಎಳ್ಳುಬೆಲ್ಲದೊಳಗಿನ ಕೊಬ್ಬರಿ ತುಂಡು ಇವು ಬೇಡ. ಇಡಿಯಾಗಿ ಬಾಯಿಗೆ ತುರುಕುವ ಪಾನಿಪುರಿಯೂ ಬೇಡ, ಸಂಜೆ ಹೊತ್ತು ವಿಜಯನಗರದಲ್ಲಿ ಅದರ ಗಾಡಿ ದಾಟಿ ಬರುವುದು ಎಷ್ಟು ಕಷ್ಟವೆಂದು ಬಲ್ಲೆ. ಸೀಬೆ, ಸೇಬುಗಳನ್ನು ಕಚ್ಚದೆ ತೆಳ್ಳಗೆ ಹೆಚ್ಚಿ ತಿನ್ನಿ.

ಎರಡು ಮೂರು ವಾರದಲ್ಲಿ ಇಳಿಯದಿದ್ದರೆ ತೋರಿಸಿಕೊಳ್ಳಿ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ದಂತವೈದ್ಯರನ್ನು ವಿಚಾರಿಸಿ. ಬೆಂಗಳೂರಿಗೆ ಬರುವವರಿಗೆ ವಿಕ್ಟೋರಿಯಾ ಆಸ್ಪತ್ರೆಯ ಬಳಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ. ರಾಜಾಜಿನಗರದಿಂದ ಹಸಿರು ಮಾರ್ಗದ ಮೆಟ್ರೋ ಹತ್ತಿ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಇಳಿದರಾಯಿತು. ವಿಜಯನಗರದವರು ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಬೇಕು. ಕೆಂಗೇರಿಯಿಂದಾಚೆ ಮೈಸೂರು ರಸ್ತೆಯ ಕುಂಬಳಗೋಡಿನಲ್ಲಿ ರಾಜರಾಜೇಶ್ವರಿ ದಂತ ಕಾಲೇಜಿದೆ. ದಾವಣಗೆರೆ, ಧಾರವಾಡ, ಬೆಳಗಾವಿ, ಮೈಸೂರು, ಮಂಗಳೂರುಗಳಲ್ಲೂ ಇಂಥ ಕಾಲೇಜುಗಳಿವೆ. ಅಲ್ಲಿ ಓರಲ್ ಮೆಡಿಸಿನ್ ವಿಭಾಗ ಎಲ್ಲಿ ಎಂದು ಕೇಳಿ. ನೋವು ಯಾವಾಗ ಬರುತ್ತದೆ, ಏನು ತಿಂದರೆ ಹೆಚ್ಚು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅರ್ಧ ಕೆಲಸ ಮುಗಿದಂತೆ.

ರಾತ್ರಿ ಹಲ್ಲು ಕಡಿಯುವವರಿಗೆ ಹಲ್ಲಿನ ಅಚ್ಚು ತೆಗೆದು ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಕವಚ ಮಾಡಿಕೊಡುವುದುಂಟು, ನೈಟ್ ಗಾರ್ಡ್ ಎನ್ನುತ್ತಾರೆ. ಅದು ಕಡಿಯುವುದನ್ನು ಬಿಡಿಸುವುದಿಲ್ಲ, ಹಲ್ಲು ಸವೆಯದಂತೆ ಕಾಯುತ್ತದೆ, ಕೆಲವರಿಗೆ ನೋವೂ ಇಳಿಯುತ್ತದೆ. ಅಂಗಡಿಯಲ್ಲಿ ಸಿಗುವ ಸಿದ್ಧ ಮೆತ್ತೆಗಳನ್ನು ಕೊಂಡು ಹಾಕಿಕೊಳ್ಳಬೇಡಿ, ನಿಮ್ಮ ಅಳತೆಯದೇ ಬೇಕು. ಬೆಳಿಗ್ಗೆ ತಣ್ಣೀರಿನಲ್ಲಿ ಬ್ರಷ್ಷಿನಿಂದ ತೊಳೆದು ಡಬ್ಬಿಯಲ್ಲಿಡಿ. ಬಿಸಿನೀರು ತಾಗಿದರೆ ಆಕಾರ ಕೆಡುತ್ತದೆ. ಕಾಗದದಲ್ಲಿ ಸುತ್ತಿ ಅಡಿಗೆಮನೆಯ ಕಟ್ಟೆಯ ಮೇಲಂತೂ ಇಡಬೇಡಿ. ಓರಗಿತ್ತಿಯ ಮೊದಲನೆಯದು ಬೆಳಿಗ್ಗೆ ಕಸದ ಗಾಡಿಯವನ ಪಾಲಾಯಿತು.