ರಾಯಕೋಟೆಯ ದುರ್ಗದಿಂದ ಕೃಷ್ಣಗಿರಿಯ ಅಣೆಕಟ್ಟಿನವರೆಗೆ

ರಜೆ ಬಂತೆಂದರೆ ನಮ್ಮ ಮನೆಗಳಲ್ಲಿ ನಂದಿಬೆಟ್ಟ, ಮೈಸೂರು, ಏರ್ಕಾಡುಗಳ ಮಾತು ಏಳುತ್ತದೆ. ಹೊಸೂರಿನಿಂದ ಸುಮಾರು 30 ಕಿ.ಮೀ. ದೂರದ ರಾಯಕೋಟೆಯ ದುರ್ಗವನ್ನು ಬಸ್ಸಿನ ಕಿಟಕಿಯಿಂದ ಕಂಡವರು ಬಹಳ; ಹತ್ತಿದವರು ವಿರಳ. ಬೆಟ್ಟ, ಚರಿತ್ರೆ, ವಿಶ್ರಾಂತಿ ಈ ಮೂರೂ ಒಂದೇ ದಿನದಲ್ಲಿ ಒದಗುವ ಈ ದಾರಿಯಲ್ಲಿ ಕಳೆದ ಚಳಿಗಾಲ ಮನೆಮಂದಿಯೊಡನೆ ಹೋಗಿ ಬಂದೆ. ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವ ಎಲ್ಲ ಕುಟುಂಬಗಳೂ ಒಮ್ಮೆ ನಡೆಯಬೇಕಾದ ದಾರಿ ಇದೆಂದು ನನಗೆ ತೋರಿತು.

ಬೆಳಗಿನ ಜಾವ ಹೊಸೂರಿನ ಚಂದ್ರಚೂಡೇಶ್ವರನ ಬೆಟ್ಟವನ್ನೇರಿ ಸ್ವಾಮಿಯ ದರ್ಶನ ಪಡೆದು ಹೊರಟೆವು. ರಾಯಕೋಟೆಗೆ ಬಸ್ಸೂ ಉಂಟು, ರೈಲೂ ಉಂಟು. ಕೆಳಮಂಗಲ ದಾಟಿದ ಮೇಲೆ ಹೊಲಗಳ ನಡುವೆ ಬಂಡೆಗುಡ್ಡಗಳು ಒಂದೊಂದಾಗಿ ಎದುರಾಗುತ್ತವೆ. ರಾಯಕೋಟೆ ಟೊಮೇಟೊ ವ್ಯಾಪಾರಕ್ಕೆ ಹೆಸರಾದ ಊರು. ಅಲ್ಲಿಯೇ ಇಡ್ಲಿ ತಿಂದು, ನೀರು ತುಂಬಿಸಿಕೊಂಡು, ಬಿಸಿಲೇರುವ ಮೊದಲೇ ಹತ್ತತೊಡಗಿದೆವು.

ದುರ್ಗವು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಮೊದಲು ಮೆಟ್ಟಿಲು, ಬಳಿಕ ಬರಿಯ ಬಂಡೆ, ಅಲ್ಲಲ್ಲಿ ಕುಸಿದ ಗೋಡೆಗಳು. ನೆರಳು ಕಡಿಮೆ. ಮಕ್ಕಳು ಓಡಿದರು, ನಾವು ದೊಡ್ಡವರು ಗೋಡೆಗಳ ಪಕ್ಕದಲ್ಲಿ ನಿಂತು ನಿಂತು ಉಸಿರು ತಿರುಗಿಸಿಕೊಂಡೆವು. ಇಂತಹ ನಿಲುಗಡೆಗಳೇ ಚರಿತ್ರೆ ಹೇಳಲು ತಕ್ಕ ಸ್ಥಳಗಳು.

ಈ ಕೋಟೆಯ ಮಹತ್ತ್ವವಿರುವುದು ಅದು ನಿಂತ ಜಾಗದಲ್ಲಿ. ಪಶ್ಚಿಮಕ್ಕೆ ಹೊಸೂರು, ಡೆಂಕಣಿಕೋಟೆಗಳ ಎತ್ತರದ ಸೀಮೆ, ಹಿಂದಿನವರು ಬಾಲಾಘಾಟ್ ಎಂದದ್ದು. ಪೂರ್ವಕ್ಕೆ ತಗ್ಗಿನ ಬಾರಾಮಹಲ್. ಇವೆರಡರ ನಡುವಿನ ಕಣಿವೆದಾರಿಯನ್ನು ಕಾಯುತ್ತಿದ್ದುದು ರಾಯಕೋಟೆ. ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಜುಲೈನಲ್ಲಿ, ಮೇಜರ್ ಗೌಡಿಯ ಪಡೆ ಇದನ್ನು ಹಿಡಿಯಿತು. ಮರುವರ್ಷ ಥಾಮಸ್ ಡೇನಿಯಲ್ ಮತ್ತು ಅವನ ಸಹೋದರನ ಮಗ ವಿಲಿಯಂ ಎಂಬ ಚಿತ್ರಕಾರರು ಈ ಸೀಮೆಯಲ್ಲಿ ಸಂಚರಿಸಿ ರಾಯಕೋಟೆಯ ಚಿತ್ರವನ್ನೂ ಬರೆದರು.

ತುದಿಯಲ್ಲಿ ಬೀಸುವ ಗಾಳಿಗೆ ದಣಿವೆಲ್ಲ ಮಾಯವಾಯಿತು. ಬುತ್ತಿ ಬಿಚ್ಚಿ ಚಿತ್ರಾನ್ನ, ಮೊಸರನ್ನ ಹಂಚಿಕೊಂಡು ಕುಳಿತಾಗ ಎರಡೂ ಸೀಮೆಗಳು ಕಣ್ಣೆದುರು ಹಾಸಿದ್ದವು. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಬಾರಾಮಹಲ್ ಕಂಪನಿ ಸರ್ಕಾರಕ್ಕೆ ಸೇರಿತು. ಹೊಸೂರು ಸೀಮೆ ಮೈಸೂರಿನಲ್ಲಿ ಉಳಿಯಿತು. ಅಂದರೆ ಏಳು ವರ್ಷಗಳ ಕಾಲ ಎರಡು ರಾಜ್ಯಗಳ ಗಡಿ ಈ ಬೆಟ್ಟದ ಆಸುಪಾಸಿನಲ್ಲೇ ಹಾಯ್ದಿತ್ತು. 1799ರ ಮಾರ್ಚಿಯಲ್ಲಿ ಜನರಲ್ ಹ್ಯಾರಿಸನ ಸೇನೆ ಇದೇ ಭಾಗದಿಂದ ಮೈಸೂರು ಸೀಮೆಯನ್ನು ಹೊಕ್ಕಿತು. ಮೇ 4ರಂದು ಟಿಪ್ಪು ಸುಲ್ತಾನ ಮಡಿದ ಮೇಲೆ ಹೊಸೂರೂ ಕಂಪನಿಯ ವಶವಾಯಿತು. 1956ರಲ್ಲಿ ರಾಜ್ಯಗಳು ಭಾಷಾವಾರು ಮರುವಿಂಗಡಣೆಯಾದಾಗಲೂ ಅದು ಮದ್ರಾಸ್ ರಾಜ್ಯದಲ್ಲೇ ನಿಂತಿತು.

ಬೆಟ್ಟದ ಬುಡದಲ್ಲಿ ಕಡಲೆಕಾಯಿ ಮಾರುತ್ತಿದ್ದ ಮುದುಕಿಯೊಬ್ಬರು ಒಬ್ಬರೊಡನೆ ತಮಿಳು, ಮತ್ತೊಬ್ಬರೊಡನೆ ತೆಲುಗು, ನಮ್ಮೊಡನೆ ಕನ್ನಡ ಆಡಿದರು. “ಅಜ್ಜಿ, ನೀವು ಯಾವ ಊರಿಂದ ಬಂದೋರು?” ಎಂದು ಮಗಳು ಕೇಳಿದಳು. “ಎಲ್ಲಿಂದಾನೂ ಬಂದಿಲ್ಲ ಕಣವ್ವಾ, ತಾತನ ಕಾಲದಿಂದ ಇಲ್ಲೇ ಇದ್ದೀವಿ” ಎಂದರು ಆಕೆ. ಈ ಸೀಮೆಯ ಕನ್ನಡಿಗರ ಚರಿತ್ರೆಯನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳಲು ಯಾವ ವಕೀಲನಿಗೂ ಆಗದು. ಗಡಿ ಸರಿದಾಡಿತು, ಜನ ನಿಂತಲ್ಲೇ ನಿಂತರು.

ಮಧ್ಯಾಹ್ನ ಕೃಷ್ಣಗಿರಿಗೆ ಇಳಿದೆವು. ಊರ ಮೇಲೆಯೇ ಎದ್ದು ನಿಂತ ಬೋಳು ಬಂಡೆಯ ದುರ್ಗ ಇಲ್ಲಿಯದು. 1791ರ ನವೆಂಬರಿನಲ್ಲಿ ಕರ್ನಲ್ ಮ್ಯಾಕ್ಸ್‌ವೆಲ್ಲನ ಪಡೆ ಕೆಳಕೋಟೆಯನ್ನು ಗೆದ್ದರೂ ಮೇಲಿನ ಕೋಟೆಯನ್ನು ಗೆಲ್ಲಲಾರದೆ ಹಿಂದಿರುಗಿತ್ತು. ಒಂದೇ ದಿನ ಎರಡು ಬೆಟ್ಟ ಹತ್ತುವುದು ಮಕ್ಕಳಿಗೆ ಭಾರವೆಂದು ಕೆಳಗಿನಿಂದಲೇ ನೋಡಿದೆವು. ನನ್ನ ವೃತ್ತಿಯವರಿಗೆ ಈ ಸೀಮೆಯ ಮೇಲೆ ಬೇರೊಂದು ಋಣವಿದೆ. 1792ರಿಂದ 1799ರವರೆಗೆ ಇಲ್ಲಿ ಆಡಳಿತ ನಡೆಸಿದ ಅಲೆಗ್ಸಾಂಡರ್ ರೀಡ್ ಮತ್ತು ಅವನ ಸಹಾಯಕ ಥಾಮಸ್ ಮನ್ರೋ ಹೊಲಗಳನ್ನು ಅಳೆಯಿಸಿ, ಪ್ರತಿಯೊಬ್ಬ ರೈತನೊಡನೆ ನೇರವಾಗಿ ಕಂದಾಯ ಗೊತ್ತುಮಾಡುವ ಕ್ರಮವನ್ನು ರೂಪಿಸಿದರು. ಮುಂದೆ ಮದ್ರಾಸ್ ಪ್ರಾಂತದ ಬಹುಭಾಗಕ್ಕೆ ಹಬ್ಬಿದ ರೈತವಾರಿ ಪದ್ಧತಿಯ ತೊಟ್ಟಿಲು ಇದೇ ಬಾರಾಮಹಲ್. ಇಂದಿಗೂ ಜಮೀನಿನ ವ್ಯಾಜ್ಯದಲ್ಲಿ ನಾವು ಮೊದಲು ಕೇಳುವುದು ಪಟ್ಟಾ ಯಾರ ಹೆಸರಿನಲ್ಲಿದೆ ಎಂದೇ.

ಸಂಜೆಯ ವಿಶ್ರಾಂತಿ ಧರ್ಮಪುರಿಯ ದಾರಿಯಲ್ಲಿರುವ ಕೃಷ್ಣಗಿರಿ ಅಣೆಕಟ್ಟಿನಲ್ಲಿ. ಅಲ್ಲಿ ಉದ್ಯಾನವಿದೆ, ಬಿಸಿಬಿಸಿ ಕರಿದ ಮೀನು ಮಾರುವ ಅಂಗಡಿಗಳಿವೆ. ನಂದಿಬೆಟ್ಟದ ಕಡೆ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸೂರಿನ ಬಳಿ ತಮಿಳುನಾಡನ್ನು ಪ್ರವೇಶಿಸಿ ತೆನ್‌ಪೆಣ್ಣೈ ಎನಿಸಿಕೊಂಡು ಇಲ್ಲಿ ನಿಲ್ಲುತ್ತದೆ. ಹೆಸರು ಎರಡು, ನೀರು ಒಂದೇ.

ಅಲ್ಲಿ ಕುಳಿತು ಮಕ್ಕಳಿಗೆ ಇನ್ನೊಂದು ಮಾತು ಹೇಳಿದೆ. 1956ರ ರಾಜ್ಯ ಮರುವಿಂಗಡಣೆಗೆಂದು ತಂದ ಸಂವಿಧಾನದ 7ನೆಯ ತಿದ್ದುಪಡಿಯೇ 350-ಎ ಅನುಚ್ಛೇದವನ್ನೂ ಸೇರಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ದೊರಕುವಂತೆ ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಗಡಿ ಎಳೆದ ಕೈಯೇ ಗಡಿಯಾಚೆ ಉಳಿದವರನ್ನೂ ನೆನೆಯಿತು. ಆದರೆ ಕೇಳುವವರಿಲ್ಲದ ಹಕ್ಕು ಪುಸ್ತಕದಲ್ಲೇ ಉಳಿಯುತ್ತದೆ. ಜೂನ್ ತಿಂಗಳಲ್ಲಿ ಕನ್ನಡ ತರಗತಿಯ ಹಾಜರಿ ಪುಸ್ತಕಕ್ಕೆ ಸೇರುವ ಒಂದೊಂದು ಹೆಸರೂ ಆ ಹಕ್ಕಿನ ಪಟ್ಟಾ ಇದ್ದಂತೆ.

ಹೋಗುವವರಿಗೆ ಎರಡು ಸೂಚನೆ: ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಹಿತ, ನೀರು, ಟೋಪಿ ಮರೆಯಬೇಡಿ. ಕೋಟೆಯ ಗೋಡೆಯ ಮೇಲೆ ಹೆಸರು ಕೆತ್ತಲು ಮಕ್ಕಳನ್ನು ಬಿಡಬೇಡಿ. ಅವರ ಹೆಸರು ಇರಬೇಕಾದುದು ಶಾಲೆಯ ಪುಸ್ತಕದಲ್ಲಿ.