ಬರ್ತೀನಿ, ಯೇತೆ

ಅಥಣಿಯಲ್ಲಿ ಮನೆಯಿಂದ ಹೊರಡುವಾಗ ಯಾರೂ ‘ಹೋಗ್ತೀನಿ’ ಅನ್ನೋದಿಲ್ಲ, ‘ಬರ್ತೀನಿ’ ಅಂತಾರೆ. ಬಾಯಿತಪ್ಪಿ ಹೋಗ್ತೀನಿ ಅಂದರೆ ಅವ್ವ ಈಗಲೂ ಬೈತಾಳೆ. ಕಾಗವಾಡ ದಾಟಿ ಮಿರಜಿಗೆ ಹೋದರೆ ಅಲ್ಲೂ ಇದೇ ಪದ್ಧತಿ. ಆದರೆ ಮರಾಠಿಯಲ್ಲಿ ಈ ಮಾತಿಗೆ ಎರಡು ರೂಪ. ಗಂಡಸಾದರೆ ‘ಯೇತೋ’, ಹೆಂಗಸಾದರೆ ‘ಯೇತೆ’. ಕನ್ನಡದ ‘ನಾನು ಬರ್ತೀನಿ’ಯಲ್ಲಿ ಆ ತಾಪತ್ರಯ ಇಲ್ಲ. ಇಪ್ಪತ್ತಾರು ವರ್ಷ ನಾನು ಆ ‘ತೀನಿ’ಯ ಮರೆಯಲ್ಲೇ ಬದುಕಿದೆ. ಅವ್ವ ಹೆತ್ತದ್ದು ಗಂಡುಮಗನನ್ನ ಅಂತ ಊರೆಲ್ಲ ತಿಳಿದಿತ್ತು. ನಾನು ಹೆಣ್ಣು ಅನ್ನೋದು ನನಗೊಬ್ಬಳಿಗೇ ಗೊತ್ತಿತ್ತು.

ಮಿರಜಿನ ಗೆಳೆಯನೊಬ್ಬನ ಮಾಳಿಗೆ ಮೇಲಿನ ಖೋಲಿಯಲ್ಲಿ ನಾವು ತಿಂಗಳಿಗೆರಡು ಭಾನುವಾರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡ್ತೀವಿ. ನೋಡದವರಿಗೆ ಹೇಳಬೇಕಂದ್ರೆ, ನಮ್ಮ ಕಡೆಯ ಶ್ರೀಕೃಷ್ಣ ಪಾರಿಜಾತವನ್ನ ಬಣ್ಣ, ಗೆಜ್ಜೆ ಇಲ್ಲದೆ ಚಾಪೆ ಮೇಲೆ ಕೂತು ಆಡಿದ ಹಾಗೆ. ಒಬ್ಬ ಭಾಗವತ, ಅಂದರೆ ಡಂಜನ್ ಮಾಸ್ಟರ್, ಕಥೆ ನಡೆಸ್ತಾನೆ. ಉಳಿದವರಿಗೆ ಒಂದೊಂದು ಪಾತ್ರ. ಬರೆದಿಟ್ಟ ಮಾತಿಲ್ಲ. ನಿಮ್ಮ ಪಾತ್ರ ಏನು ಮಾಡುತ್ತೆ ಅಂತ ನೀವೇ ಹೇಳಬೇಕು, ಅದು ಆದೀತೋ ಇಲ್ಲೋ ಅಂತ ಇಪ್ಪತ್ತು ಮುಖದ ದಾಳ ಹೇಳುತ್ತೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ ಇದು. 1978ರ ನಿಯಮ ಪುಸ್ತಕದಲ್ಲಿ ಹೆಣ್ಣು ಪಾತ್ರದ ಬಲಕ್ಕೆ ಗಂಡಿಗಿಂತ ಕಡಿಮೆ ಮಿತಿ ಹಾಕಿದ್ದರು. 2014ರ ಪುಸ್ತಕದಲ್ಲಿ, ಪಾತ್ರವು ಗಂಡು ಇಲ್ಲವೇ ಹೆಣ್ಣು ಅನ್ನೋ ಎರಡೇ ಮನೆಯೊಳಗೆ ಇರಬೇಕಿಲ್ಲ ಅಂತ ಬರೆದರು.

ನನ್ನ ಪಾತ್ರದ ಹೆಸರು ಮಲ್ಲಮ್ಮ. ಶಿವಾಜಿಯ ಸೈನ್ಯದ ಜೊತೆ ಕಾದಿದ ಬೆಳವಡಿ ಮಲ್ಲಮ್ಮನ ಹೆಸರು. ಮಿರಜಿನಲ್ಲಿ ಕೂತು ಈ ಹೆಸರಿಡಲಿಕ್ಕೂ ಒಂಚೂರು ಧೈರ್ಯ ಬೇಕು!

ಮೊದಲು ನಾವು ನಾಲ್ವರೇ ಇದ್ದಾಗ ಆಟ ಕನ್ನಡದಲ್ಲೇ ನಡೀತಿತ್ತು. ‘ಕತ್ತಿ ಎತ್ತತೀನಿ’, ‘ಗ್ವಾಡಿ ಹತ್ತತೀನಿ’. ಆಮೇಲೆ ಸಾಂಗಲಿಯ ಇಬ್ಬರು ಸೇರಿದರು, ಅವರಿಗೆ ಕನ್ನಡ ಬಾರದು. ಆಟ ಮರಾಠಿಗೆ ಹೊರಳಿತು. ಭಾಗವತ ನನ್ನ ಕಡೆ ತಿರುಗಿ, ‘ಮಲ್ಲಮ್ಮಾ, ತೂ ಕಾಯ ಕರತೇಸ?’ ಅಂದ. ಎದುರಿಗೆ ಮುಚ್ಚಿದ ಬಾಗಿಲು. ನಾನು ‘ಮೀ ದಾರ ಉಘಡತೆ’ ಅಂದೆ. ಬಾಗಿಲು ತೆಗೀತೀನಿ ಅಂತ, ಹೆಣ್ಣಾಗಿ. ಹುಟ್ಟಿದ ಮೇಲೆ ಮೊದಲ ಸಲ, ನಾಲ್ಕು ಜನರ ಮುಂದೆ, ಗಟ್ಟಿಯಾಗಿ. ಕಿವಿ ಬಿಸಿಯಾದವು. ಯಾರೂ ತಲೆ ಎತ್ತಿ ಸುದ್ದಾ ನೋಡಲಿಲ್ಲ, ಅವರಿಗೆ ಅದು ಪಾತ್ರದ ಮಾತು. ದಾಳದಲ್ಲಿ ನಾಲ್ಕು ಬಿತ್ತು, ಬಾಗಿಲು ತೆಗೀಲಿಲ್ಲ.

ನಾಲ್ಕು ತಿಂಗಳು ಹೀಗೇ ಕರತೆ, ಜಾತೆ, ಬೋಲತೆ. ಒಂದು ಸಂಜೆ ಚಪ್ಪಲಿ ಮೆಟ್ಟಿಕೊಂಡು ಹೊರಡುವಾಗ ಬಾಯಿಂದ ‘ಯೇತೆ’ ಅಂತಲೇ ಬಂತು. ಅಥಣಿಯ ಗೆಳೆಯ, ಸಾಲಿಯಿಂದ ಜೊತೆಗಿದ್ದವನು, ಬಿದ್ದು ಬಿದ್ದು ನಕ್ಕ. ‘ಲೇ, ಆಟ ಮುಗೀತಲೇ! ಇನ್ನs ಮಲ್ಲಮ್ಮ ಆಗೇ ಅದೀಯೇನ?’ ನಾನೂ ನಕ್ಕೆ. ಬಸ್ಸಿನಲ್ಲಿ ಕಾಗವಾಡ ಬರೋವರೆಗೂ ಆ ನಗು ಮುಖದ ಮೇಲೆ ಹಾಗೇ ಅಂಟಿಕೊಂಡಿತ್ತು, ತೆಗೆಯೋದು ಹೇಗಂತ ತಿಳೀಲಿಲ್ಲ.

ಯಾರಾದರೂ ಮಲ್ಲಮ್ಮನಿಗೆ ತಪ್ಪಿ ‘ತೋ’ ಅಂದರೆ ಇವರೇ ಒಬ್ಬರನ್ನೊಬ್ಬರು ತಿದ್ದುತಿದ್ದರು. ಕಾಗದದ ಮೇಲಿನ ಹೆಂಗಸಿಗೆ ಸಿಕ್ಕ ಮರ್ಯಾದೆ ಅದು. ಬಾಲಗಂಧರ್ವರ ಸೀರೆ ಉಡುವ ರೀತಿಯನ್ನ ಹೆಂಗಸರೇ ಅನುಸರಿಸುತ್ತಿದ್ದರಂತೆ. ಪಡದೆ ಬಿದ್ದ ಮೇಲೆ ಅವರು ಮತ್ತೆ ನಾರಾಯಣರಾವ್. ಅವರಿಗೆ ಅದರಲ್ಲಿ ತೊಂದರೆ ಇರಲಿಲ್ಲವೇನೋ. ನನಗೆ ಇತ್ತು.

2021ರ ನವೆಂಬರ್‌ನಲ್ಲಿ ಮಂಜಮ್ಮ ಜೋಗತಿ ಪದ್ಮಶ್ರೀ ತಗೊಳ್ಳೋದನ್ನ ಮನೆಮಂದಿಯೆಲ್ಲ ಟಿವಿಯಲ್ಲಿ ನೋಡಿದ್ವಿ. ರಾಷ್ಟ್ರಪತಿ ಕೋವಿಂದರ ಮುಂದೆ ಸೆರಗು ಹಿಡಿದು ದೃಷ್ಟಿ ತೆಗೆದರಲ್ಲ, ದೊಡ್ಡವ್ವ ಕಣ್ಣೊರೆಸಿಕೊಂಡು, ‘ಎಷ್ಟ ಚಂದ ದೃಷ್ಟಿ ತಗದಳ ನೋಡ ಅಕಿ’ ಅಂದಳು. ಅದೇ ಉಸಿರಿನಲ್ಲಿ ನನ್ನ ಕಡೆ ತಿರುಗಿ, ‘ಲೇ ತಮ್ಮಾ, ಆವಾಜ್ ಜಾಸ್ತಿ ಮಾಡೋ’. ಎಲ್ಲಮ್ಮನ ಜೋಗತಿ ಅಂದರೆ ‘ಅಕಿ’ ಸಲೀಸಾಗಿ ಬರುತ್ತೆ. ಮನೆಯೊಳಗೆ, ರಿಮೋಟ್ ಹಿಡಿದು ಕೂತವಳಿಗೆ ಬರೋದಿಲ್ಲ. ತನ್ನ ಲಿಂಗ ಯಾವುದು ಅಂತ ವ್ಯಕ್ತಿಯೇ ಹೇಳಬೇಕು ಅಂತ ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದೇ ಹೇಳಿದೆ. 2019ರ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿ ಗುರುತಿನ ಪತ್ರ ಕೊಡ್ತಾರೆ. ಆ ಕಾಗದದ ಕಥೆ ಇನ್ನೊಂದ್ಸಲ.

ಮುಂದಿನ ಭಾನುವಾರ ದಾಳ ತೆಗೆಯೋ ಮೊದಲು ಹೇಳಿಬಿಟ್ಟೆ. ಭಾಗವತ ಸ್ವಲ್ಪ ಹೊತ್ತು ಸುಮ್ಮನಿದ್ದು, ನಿನ್ನನ್ನ ಹೇಗೆ ಮಾತಾಡಿಸಬೇಕು ಅಂತ ಕೇಳಿದ. ‘ಮಲ್ಲಮ್ಮಗ ಹೆಂಗ ಮಾತಾಡಸ್ತಿ, ಹಂಗ’ ಅಂದೆ. ಸಾಂಗಲಿಯವರು ತಿಂಗಳೊಳಗೆ ‘ಅರೇ’ ಬಿಟ್ಟು ‘ಅಗ’ ಹಿಡಿದರು. ಅವರಿಗೆ ನನ್ನ ಹಳೇದು ಗೊತ್ತಿರಲಿಲ್ಲ, ಮರೆಯೋದೇನೂ ಇರಲಿಲ್ಲ. ಕಷ್ಟವಾದದ್ದು ಸಾಲಿಯ ಗೆಳೆಯನಿಗೆ. ಎರಡು ವಾರ ಬರಲಿಲ್ಲ. ಬಂದವನು ನನಗೆ ‘ರೀ’ ಅನ್ನಲಿಕ್ಕೆ ಶುರು ಮಾಡಿದ. ‘ನೀವು ಚಾ ಕುಡೀತೀರೇನ್ರೀ?’ ನನ್ನ ಬಗ್ಗೆ ಇನ್ನೊಬ್ಬರ ಹತ್ತಿರ ‘ಅವರು ಬಂದಾರ’. ಕನ್ನಡದಲ್ಲಿ ಇದೊಂದು ಅನುಕೂಲ ನೋಡಿ, ಮರ್ಯಾದೆ ಕೊಟ್ಟರೆ ಗಂಡೋ ಹೆಣ್ಣೋ ಹೇಳೋದು ತಪ್ಪುತ್ತೆ. ಹದಿನೈದು ವರ್ಷ ಲೇ ಅಂದವನು ರೀ ಅಂದಾಗ ಆದ ನೋವು, ಅಂದು ನಕ್ಕಾಗಲೂ ಆಗಿರಲಿಲ್ಲ. ‘ಲೇನೂ ಬ್ಯಾಡ, ರೀನೂ ಬ್ಯಾಡ. ನಿನ್ನ ತಂಗಿಗೆ ಹೆಂಗ ಅಂತಿ ಹಂಗ ಅನ್ನು’ ಅಂದೆ. ಅವನು ಚಾಪೆಯ ಕಡ್ಡಿ ಕೀಳುತ್ತ ಕೂತ.

ಹೋದ ತಿಂಗಳು ಆಟದಲ್ಲಿ ಮಲ್ಲಮ್ಮ ಸೇತುವೆ ಮೇಲೆ ಪೆಟ್ಟು ತಿಂದು ಬಿದ್ದಳು. ಜೀವದ ಅಂಕ ಸೊನ್ನೆ. ಇನ್ನೊಂದು ದಾಳ ಕೆಟ್ಟದಾಗಿ ಬಿದ್ದರೆ ಮುಗೀತು. ಖೋಲಿಯಲ್ಲಿ ಯಾರೂ ಮಾತಾಡ್ತಿಲ್ಲ. ಅಷ್ಟರಲ್ಲಿ ಅವನು ಮೊಣಕಾಲ ಮೇಲೆ ಎದ್ದು ಕೂಗಿದ: ‘ಏಳ ಬೇ! ಎದ್ದೇಳ!’

ಮಲ್ಲಮ್ಮಗೆ ಅಂದನೋ, ನನಗೋ, ಕೇಳಲಿಲ್ಲ. ದಾಳ ಹಾಕಿದೆ. ಹನ್ನೊಂದು.