ಉಗ್ಗುವ ಬಾಲಕನೂ ಉಪಾಧ್ಯಾಯನೂ

ಸಂಸ್ಕೃತ ಪಾಠಶಾಲೆಯಲ್ಲಿ ಅಮರಕೋಶದಿಂದ ವಿದ್ಯಾರಂಭಮಾಡಿ, ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಮಕ್ಕಳಿಗೆ ವ್ಯಾಕರಣ ಛಂದಸ್ಸುಗಳನ್ನು ಬೋಧಿಸಿ ನಿವೃತ್ತನಾದವನೊಬ್ಬನು, ಅಮೆರಿಕಾ ದೇಶದ ರ‍್ಯಾಪ್ ಹಾಡುಗಾರನನ್ನು ಕುರಿತು ಬರೆಯಹೊರಟನೆಂದರೆ ವಾಚಕ ಮಹಾಶಯರು ನಗಬಹುದು. ಆರು ತಿಂಗಳ ಹಿಂದಾಗಿದ್ದರೆ ನಾನೂ ನಗುತ್ತಿದ್ದೆನು. ಮೊಮ್ಮಗನು ತಲೆದೂಗುತ್ತ ಕೇಳುತ್ತಿದ್ದ ಆ ಹಾಡುಗಳಿಗೆ ನಾನು ಇಟ್ಟಿದ್ದ ಹೆಸರು ಗದ್ದಲವೆಂದು. ಒಂದು ದಿನ ಅವನು, "ತಾತ, ಅರ್ಥ ತಿಳಿಯದೆ ಯಾವುದನ್ನೂ ಹಳಿಯಬಾರದೆಂದು ನೀವೇ ಹೇಳಿಕೊಟ್ಟಿರಲ್ಲ" ಎಂದನು. ಉತ್ತರ ತೋಚಲಿಲ್ಲ, ಕೇಳಲು ಕುಳಿತೆನು.

ಮೊದಲು ಕಿವಿಗೆ ಬಿದ್ದುದು ಅರ್ಥವಲ್ಲ, ಲಯ. ಒಂದು ಸಾಲಿಗೆ ನಾಲ್ಕು ಪೆಟ್ಟು. ಒಂದೊಂದು ಪೆಟ್ಟಿನೊಳಗೆ ಬಹುಮಟ್ಟಿಗೆ ನಾಲ್ಕು ಮಾತ್ರೆಗಳ ಎಡೆ. ನಮ್ಮ ಮಂದಾನಿಲ ರಗಳೆಯ ಪಾದದಲ್ಲಿಯೂ ನಾಲ್ಕು ಮಾತ್ರೆಯ ನಾಲ್ಕು ಗಣಗಳೇ ಇರುವುವು. ಸಾಲಿನ ಕೊನೆಯಲ್ಲಿ ಪ್ರಾಸ, ಸಾಲಿನ ನಡುವೆ ಇನ್ನೊಂದು ಪ್ರಾಸ. 1973ರ ಸುಮಾರಿನಲ್ಲಿ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಬಡವರ ಬಡಾವಣೆಯಲ್ಲಿ ಮೊಳೆತ ಈ ಕಲೆಗೂ ಹರಿಹರನ ರಗಳೆಗೂ ನಂಟು ಕಲ್ಪಿಸುವಷ್ಟು ಅವಿವೇಕ ನನಗಿಲ್ಲ. ಆದರೆ ಮನುಷ್ಯನ ಉಸಿರೂ ಹೆಜ್ಜೆಯೂ ಎಲ್ಲ ದೇಶಗಳಲ್ಲಿಯೂ ಒಂದೇ ಆದುದರಿಂದ, ಇಂತಹ ಸಾದೃಶ್ಯಗಳು ಹುಟ್ಟುವುದು ಸಹಜ.

ನಾನು ಕೇಳಿದ ಹಾಡುಗಾರನ ಹೆಸರು ಕೆಂಡ್ರಿಕ್ ಲಮಾರ್. 1987ರಲ್ಲಿ ಕ್ಯಾಲಿಫೋರ್ನಿಯಾ ಪ್ರಾಂತದ ಕಾಂಪ್ಟನ್ ಎಂಬ ಊರಿನಲ್ಲಿ ಜನಿಸಿದನು. ತಾಯಿತಂದೆಗಳು ಶಿಕಾಗೋ ನಗರದಿಂದ ಅಲ್ಲಿಗೆ ಬಂದು ನೆಲಸಿದ ಬಡ ಕರಿಯ ಜನ. ಪುಂಡರ ಗುಂಪುಗಳ ಹೊಡೆದಾಟವೂ ಬಂದೂಕಿನ ಸದ್ದೂ ಆ ಬೀದಿಗಳ ನಿತ್ಯದ ವಾರ್ತೆ. ಇವನಿಗೆ ಎಂಟು ವರ್ಷವಾಗಿದ್ದಾಗ, ಟುಪಾಕ್ ಷಕೂರ್ ಎಂಬ ಪ್ರಸಿದ್ಧ ಹಾಡುಗಾರನು ಚಿತ್ರೀಕರಣಕ್ಕಾಗಿ ಆ ಊರಿಗೆ ಬಂದುದನ್ನು ತಂದೆಯ ಹೆಗಲಮೇಲೆ ಕುಳಿತು ನೋಡಿದನಂತೆ. ಮರುವರ್ಷ, 1996ರಲ್ಲಿ, ಆ ಟುಪಾಕನು ಇಪ್ಪತ್ತೈದರ ಪ್ರಾಯದಲ್ಲಿಯೇ ಗುಂಡೇಟಿಗೆ ಬಲಿಯಾದನು. ತನ್ನ ಜನರ ಸಂಕಟವನ್ನು ಅಂಜದೆ ನುಡಿಯಬೇಕೆಂಬ ದೀಕ್ಷೆ ಲಮಾರನಿಗೆ ಲಭಿಸಿದುದು ಮುಖ್ಯವಾಗಿ ಅವನಿಂದ.

ಇಷ್ಟೇ ಆಗಿದ್ದರೆ ನಾನು ಲೇಖನಿಯನ್ನು ಹಿಡಿಯುತ್ತಿರಲಿಲ್ಲ. ಈ ಲಮಾರನು ಬಾಲ್ಯದಲ್ಲಿ ಉಗ್ಗುತ್ತಿದ್ದನು. ನಾಲಗೆಯಲ್ಲಿ ತಡೆದುದೆಲ್ಲ ಹಾಡಿನಲ್ಲಿ ಹರಿಯಿತೆಂದು ಅವನೇ ಹೇಳಿಕೊಂಡಿರುವನು. ಏಳನೆಯ ತರಗತಿಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಉಪಾಧ್ಯಾಯರೊಬ್ಬರು, ಕರಿಯರ ಮಕ್ಕಳಿಗೂ ಮೆಕ್ಸಿಕೋ ಮೊದಲಾದ ಕಡೆಗಳಿಂದ ಬಂದವರ ಮಕ್ಕಳಿಗೂ ನಡುವೆ ಇದ್ದ ವೈಮನಸ್ಯವನ್ನು ಕಂಡು, ಮನಸ್ಸಿನಲ್ಲಿದ್ದುದನ್ನು ಕವಿತೆಯಾಗಿ ಬರೆಯಿರೆಂದು ಎಲ್ಲರಿಗೂ ವಿಧಿಸಿದರು. ಈ ಹುಡುಗನು ಬರೆದುದನ್ನು ಮತ್ತೆ ಮತ್ತೆ ತಿದ್ದಿ, ಶಬ್ದಸಂಪತ್ತನ್ನು ಬೆಳೆಸಿಕೊಳ್ಳೆಂದು ಒತ್ತಾಯಿಸಿದರು. ಬಾಲಕನು ಪುಟಗಳನ್ನು ತುಂಬಿಸಿದನು. ಹದಿನಾರರ ವಯಸ್ಸಿಗೇ ಅವನ ಮೊದಲ ಹಾಡುಗಳ ಸಂಗ್ರಹ ಹೊರಬಂದಿತು.

ಮುಂದಿನ ಕಥೆಯನ್ನು ಲೋಕವೇ ಬಲ್ಲುದು. 2012ರ ಸಂಪುಟದಲ್ಲಿ ತನ್ನ ಊರಿನ ಹಾದಿತಪ್ಪಿದ ಹುಡುಗರ ಕಥೆಯನ್ನು ಹೇಳಿದನು. 2015ರಲ್ಲಿ ಬಂದ 'ಟು ಪಿಂಪ್ ಎ ಬಟರ್‌ಫ್ಲೈ' ಎಂಬ ಸಂಪುಟದ ಕಟ್ಟಡವೇ ವಿಲಕ್ಷಣವಾದುದು: ಒಂದು ಕವಿತೆ ಹಾಡಿನಿಂದ ಹಾಡಿಗೆ ಸ್ವಲ್ಪ ಸ್ವಲ್ಪವಾಗಿ ಬೆಳೆದು ಕೊನೆಗೆ ಪೂರ್ತಿಯಾಗುವುದು, ಆಗ ಅದನ್ನು ಕೇಳುತ್ತಿದ್ದವನು ಮೃತನಾದ ಟುಪಾಕನೆಂದು ನಮಗೆ ತಿಳಿಯುವುದು. ಹಳೆಯ ಸಂದರ್ಶನವೊಂದರ ಧ್ವನಿಯನ್ನು ಹೆಣೆದು, ಶಿಷ್ಯನು ಗುರುವಿನೊಡನೆ ಸಂವಾದ ನಡೆಸುವನು. ಅದೇ ವರ್ಷ ಪೋಲೀಸರ ಹಿಂಸೆಯನ್ನು ಪ್ರತಿಭಟಿಸಿದ ಜನರು ಆ ಸಂಪುಟದ ಹಾಡೊಂದನ್ನು ಬೀದಿಯಲ್ಲಿ ಒಕ್ಕೊರಲಿನಿಂದ ಹಾಡಿದರು. 2018ರಲ್ಲಿ ಅವನ 'ಡ್ಯಾಮ್' ಎಂಬ ಸಂಪುಟಕ್ಕೆ ಪುಲಿಟ್ಜರ್ ಪಾರಿತೋಷಕ ದೊರೆಯಿತು. ಶಾಸ್ತ್ರೀಯ ಸಂಗೀತಕ್ಕೂ ಜಾಝ್ ಸಂಗೀತಕ್ಕೂ ಹೊರತಾದ ಕೃತಿಗೆ ಅದು ಸಂದುದು ಅದೇ ಮೊದಲು.

ಅವನ ಹಾಡುಗಳಲ್ಲಿ ಬೈಗುಳಗಳು ಹೇರಳವಾಗಿವೆ. ಮೊಮ್ಮಗನೆದುರಿಗೆ ಕೇಳುವಾಗ ನನಗೆ ನಾಚಿಕೆಯೇ ಆಯಿತು. ಕೆಲವು ಕಡೆ ಅವು ಅನಾವಶ್ಯಕವೆಂದು ಈಗಲೂ ನನ್ನ ಮತ. ಆದರೆ ಮಾತನಾಡುವವನ ಔಚಿತ್ಯದಿಂದ ದೋಷವೂ ಒಮ್ಮೊಮ್ಮೆ ಗುಣವಾಗುವುದೆಂದು ಮಮ್ಮಟಾಚಾರ್ಯನೇ ಒಪ್ಪಿರುವನಲ್ಲವೆ? ಬಂದೂಕಿನ ನೆರಳಿನಲ್ಲಿ ಬೆಳೆದ ಹುಡುಗನ ಬಾಯಲ್ಲಿ ನಾಗರಿಕ ಭಾಷೆಯನ್ನಿಟ್ಟರೆ ಅದೇ ದೋಷವಾದೀತು.

ಇನ್ನು ನನ್ನ ವಿಚಾರ. ನನ್ನ ತರಗತಿಯಲ್ಲಿಯೂ ಉಗ್ಗುವ ಬಾಲಕನೊಬ್ಬನಿದ್ದನು. ಪದ್ಯವನ್ನು ಓದಿಸುವ ಸರದಿ ಅವನ ಬಳಿಗೆ ಬಂದಾಗ, ಉಳಿದವರು ನಗುವರೆಂದು, "ನೀನು ಕುಳಿತುಕೋಪ್ಪ" ಎಂದು ಮುಂದಿನವನಿಗೆ ದಾಟಿಸಿಬಿಡುತ್ತಿದ್ದೆನು. ಅದು ದಯೆಯೆಂದೇ ನಾನು ತಿಳಿದಿದ್ದುದು. ಶನಿವಾರದ ಭಜನೆಯಲ್ಲಿ ಅವನು ಒಂದಕ್ಷರವೂ ತಡವರಿಸದೆ ಹಾಡುತ್ತಿದ್ದುದನ್ನು ಕಿವಿಯಾರ ಕೇಳಿದ್ದೆನು. ಛಂದಸ್ಸನ್ನು ಬೋಧಿಸುವವನಿಗೆ ಇದಕ್ಕಿಂತ ಸ್ಪಷ್ಟವಾದ ಸೂಚನೆ ಬೇಕಿತ್ತೆ? ತಾಳ ಹಾಕಿ ಪದ್ಯ ಹೇಳೆಂದು ಒಂದು ದಿನವಾದರೂ ನಾನು ಅವನನ್ನು ಎಬ್ಬಿಸಲಿಲ್ಲ. ಮೂರು ವರ್ಷ ಅವನು ನನ್ನೆದುರಿಗೆ ಮೌನವಾಗಿ ಕುಳಿತಿದ್ದು ಹೊರಟುಹೋದನು.

2015ರಲ್ಲಿ ಲಮಾರನು ನ್ಯೂಜೆರ್ಸಿ ಪ್ರಾಂತದ ಪ್ರೌಢಶಾಲೆಯೊಂದಕ್ಕೆ ಹೋಗಿದ್ದನಂತೆ. ಅಲ್ಲಿಯ ಉಪಾಧ್ಯಾಯರು ಅವನ ಸಂಪುಟವನ್ನು ಟೋನಿ ಮಾರಿಸನ್ ಅವರ ಕಾದಂಬರಿಯೊಡನೆ ಇಟ್ಟು ಪಾಠಹೇಳಿದ್ದರು. ಹೋದವನು ಮಕ್ಕಳು ಬರೆದ ಕವಿತೆಗಳನ್ನು ಕುಳಿತು ಕೇಳಿದನು. ಈ ಸಂಗತಿಯನ್ನು ಮೊಮ್ಮಗನು ಓದಿ ಹೇಳಿದಾಗ ನಾನು ಮಾತನಾಡಲಿಲ್ಲ. "ಏಕೆ ತಾತ, ಹಿಡಿಸಲಿಲ್ಲವೆ?" ಎಂದು ಕೇಳಿದನು. ಹಿಡಿಸಿತೆಂದೆನು, ಆ ಬಾಲಕನ ಹೆಸರನ್ನು ಮಾತ್ರ ಹೇಳಲಿಲ್ಲ.

ಈಗ ತರಗತಿಯಲ್ಲಿ ನಿಂತಿರುವ ಕಿರಿಯ ಉಪಾಧ್ಯಾಯ ಮಿತ್ರರಲ್ಲಿ ನನ್ನ ಬಿನ್ನಹ ಇಷ್ಟೆ: ಸರದಿಯನ್ನು ದಾಟಿಸಬೇಡಿರಿ, ಸ್ವಲ್ಪ ಹೊತ್ತಾದರೂ ಚಿಂತೆಯಿಲ್ಲ, ಕಾಯಿರಿ.